ಹಳದಿ ವಿಮಾನ ಮೈಬಣ್ಣ ಕೇಳಲಿಲ್ಲ

ಅದು ಎರಡು ರೆಕ್ಕೆಗಳ ಸಣ್ಣ ವಿಮಾನ. ಮೇಲೊಂದು ರೆಕ್ಕೆ, ಕೆಳಗೊಂದು ರೆಕ್ಕೆ, ನಡುವೆ ಕಂಬಗಳು, ಬಿಗಿದ ತಂತಿಗಳು. ರೆಕ್ಕೆಯ ಒಳಗೆ ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. ಒಂದರ ಹಿಂದೊಂದು ಎರಡು ಸೀಟು, ಎರಡಕ್ಕೂ ಮೇಲ್ಛಾವಣಿ ಇಲ್ಲ. ಅಮೆರಿಕದ ನೌಕಾಪಡೆ ಇದಕ್ಕೆ ದೂರದಿಂದಲೇ ಕಣ್ಣಿಗೆ ಹೊಡೆಯುವ ಹಳದಿ ಬಣ್ಣ ಬಳಿಸಿತ್ತು. ನಮ್ಮಲ್ಲಿ ಡ್ರೈವಿಂಗ್ ಸ್ಕೂಲ್ ಕಾರಿನ ಮೇಲೆ ಕೆಂಪು ಅಕ್ಷರ ಅಂಟಿಸುವ ಹಾಗೆಯೇ. ಕಲಿಯುವವರು ಬರುತ್ತಿದ್ದಾರೆ, ಸ್ವಲ್ಪ ದೂರ ಇರಿ ಎಂಬ ಸೂಚನೆ. ಸ್ಟಿಯರ್‌ಮನ್ ಎನ್‌2ಎಸ್ ಎಂಬುದು ಅದರ ಹೆಸರು. ಕಲಿಯಲು ಬಂದ ಹುಡುಗರು ಮಾತ್ರ ಅದನ್ನು ಹಳದಿ ಗಂಡಾಂತರ ಎಂದೇ ಕರೆಯುತ್ತಿದ್ದರು.

1947ರ ಮಾರ್ಚ್‌ನಲ್ಲಿ ಶಿಕಾಗೊ ನಗರದ ಹತ್ತಿರದ ಗ್ಲೆನ್‌ವ್ಯೂ ನೌಕಾ ವಾಯುನೆಲೆಗೆ, ಈ ವಿಮಾನದಲ್ಲಿ ಹಾರಲು ಕಲಿಯಲೆಂದು 20 ವರ್ಷದ ಹುಡುಗನೊಬ್ಬ ಬಂದ. ಹೆಸರು ಜೆಸ್ಸಿ ಲೆರಾಯ್ ಬ್ರೌನ್. ಕಪ್ಪು ಜನಾಂಗದವನು. ಅವನಿಗಿಂತ ಮೊದಲು ಆತನ ಜನಾಂಗದ ಒಬ್ಬರೂ ಅಮೆರಿಕದ ನೌಕಾಪಡೆಯ ತರಬೇತಿ ಮುಗಿಸಿ ಪೈಲಟ್ ಆಗಿರಲಿಲ್ಲ.

ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ. ಅಗೌರವದಿಂದಲ್ಲ. ಅವನು ತೀರಿಕೊಂಡಾಗ ಅವನ ವಯಸ್ಸು 24. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮೆಲ್ಲರ ಓರಗೆಯವನು. ಸಾಧಕರ ಕಥೆ ಓದುವಾಗ ನನಗೆ ಸಾಮಾನ್ಯವಾಗಿ ಒಂದು ಕಿರಿಕಿರಿ ಆಗುತ್ತದೆ. ಕಷ್ಟಪಟ್ಟರು, ಗೆದ್ದರು, ಆದ್ದರಿಂದ ನೀವೂ ಕಷ್ಟಪಡಿ ಎಂಬಲ್ಲಿಗೆ ಅವು ಮುಗಿದುಬಿಡುತ್ತವೆ. ಜೆಸ್ಸಿಯ ಬದುಕು ಅಷ್ಟು ಸಲೀಸಾಗಿಲ್ಲ. ಅದಕ್ಕೇ ಅದನ್ನು ಇಲ್ಲಿ ಹೇಳಬೇಕೆನಿಸಿತು.

ಹತ್ತಿ ಹೊಲದಿಂದ ಆಕಾಶ

ಜೆಸ್ಸಿ ಹುಟ್ಟಿದ್ದು 1926ರ ಅಕ್ಟೋಬರ್ 13ರಂದು, ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪಿ ರಾಜ್ಯದ ಹ್ಯಾಟಿಸ್‌ಬರ್ಗ್ ಎಂಬ ಊರಿನಲ್ಲಿ. ಅಮ್ಮ ಜೂಲಿಯಾ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಅಪ್ಪ ಜಾನ್ ಕಿರಾಣಿ ಸಾಮಾನಿನ ಗೋದಾಮಿನಲ್ಲಿ ದುಡಿಯುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಪ್ಪನ ಕೆಲಸ ಹೋಯಿತು. ಕುಟುಂಬ ಲಕ್ಸ್ ಎಂಬ ಹಳ್ಳಿಗೆ ಹೋಗಿ ಬೇರೆಯವರ ಜಮೀನಿನಲ್ಲಿ ಪಾಲಿಗೆ ಬೇಸಾಯ ಮಾಡಿತು. ಕರೆಂಟ್ ಇಲ್ಲದ, ನಲ್ಲಿ ಇಲ್ಲದ ಮನೆ. ಮಕ್ಕಳೂ ಹೊಲಕ್ಕೆ ಇಳಿಯಲೇಬೇಕು. ಹತ್ತಿ ಬಿಡಿಸುವುದು, ಜೋಳದ ಹೊಲದಲ್ಲಿ ಕೆಲಸ, ನಡುವೆ ಶಾಲೆ.

ಆ ಕಾಲದ ಮಿಸಿಸಿಪಿ ಎಂದರೆ ಬಿಳಿಯರಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ. ಕುಡಿಯುವ ನೀರಿನ ನಲ್ಲಿ ಬೇರೆ, ಬಸ್ಸಿನಲ್ಲಿ ಕೂರುವ ಜಾಗ ಬೇರೆ. ಊರ ಬಾವಿಯ ಕಥೆ, ಹೋಟೆಲ್ಲಿನ ಬೇರೆ ಲೋಟದ ಕಥೆ ಕೇಳಿ ಬೆಳೆದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆರು ವರ್ಷದವನಿದ್ದಾಗ ಅಪ್ಪ ಅವನನ್ನು ವಿಮಾನ ಪ್ರದರ್ಶನವೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಶುರುವಾಯಿತು ಹುಚ್ಚು. ಮನೆಯ ಹತ್ತಿರ ಮಣ್ಣಿನ ರನ್‌ವೇ ಇದ್ದ ಒಂದು ಪುಟ್ಟ ವಿಮಾನ ನಿಲ್ದಾಣವಿತ್ತು. ಜೆಸ್ಸಿ ಅಲ್ಲಿಗೆ ಹೋಗಿ ನಿಂತು ನೋಡುತ್ತಿದ್ದ. ಅಲ್ಲಿನ ಮೆಕ್ಯಾನಿಕ್ ಓಡಿಸುತ್ತಿದ್ದ. ಮರುದಿನ ಮತ್ತೆ ಹೋಗುತ್ತಿದ್ದ. ವಿಮಾನಗಳ ಬಗ್ಗೆ ಬರುವ ಪತ್ರಿಕೆಗಳನ್ನು ಹುಡುಕಿ ಓದುತ್ತಿದ್ದ. 13ನೇ ವಯಸ್ಸಿಗೆ ಕಪ್ಪು ಜನರೇ ನಡೆಸುತ್ತಿದ್ದ ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಪತ್ರಿಕೆಯನ್ನು ಮನೆಮನೆಗೆ ಹಾಕುವ ಕೆಲಸ ಹಿಡಿದ. ಹಾಕುವ ಮೊದಲು ತಾನು ಓದುತ್ತಿದ್ದ. ಬೆಸ್ಸಿ ಕೋಲ್ಮನ್, ಯುಜೀನ್ ಬುಲಾರ್ಡ್ ಮುಂತಾದ ತನ್ನ ಜನಾಂಗದ ಪೈಲಟ್‌ಗಳ ಹೆಸರು ಅವನಿಗೆ ಗೊತ್ತಾದದ್ದು ಹೀಗೆ. ತನ್ನಂಥವರು ಮೊದಲೇ ಹಾರಿದ್ದಾರೆ ಎಂಬುದು ಆ ವಯಸ್ಸಿನಲ್ಲಿ ತಿಳಿಯುವುದು ಸಣ್ಣ ಸಂಗತಿಯಲ್ಲ.

1937ರಲ್ಲಿ ಅವನು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಕಪ್ಪು ಜನರನ್ನು ಸೇನೆಯ ವಾಯುದಳಕ್ಕೆ ಯಾಕೆ ಸೇರಿಸಿಕೊಳ್ಳುವುದಿಲ್ಲ, ಇದು ಅನ್ಯಾಯ ಎಂದು ನೇರವಾಗಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಗೇ ಕಾಗದ ಬರೆದ. ಹೊಲದಲ್ಲಿ ಹತ್ತಿ ಬಿಡಿಸುವ, ಇನ್ನೂ ಮೀಸೆ ಚಿಗುರದ ಹುಡುಗ. ಶ್ವೇತಭವನದಿಂದ ಉತ್ತರವೂ ಬಂತು. ನಿನ್ನ ಅಭಿಪ್ರಾಯ ತಿಳಿಸಿದ್ದಕ್ಕೆ ಸಂತೋಷ ಎಂಬ ಅರ್ಥದ ಒಂದು ಸೌಜನ್ಯದ ಉತ್ತರ. ಅದರಿಂದ ನಿಯಮವೇನೂ ಬದಲಾಗಲಿಲ್ಲ. ಆದರೆ ತನಗೆ ಆಗುತ್ತಿರುವುದು ಹಣೆಬರಹವಲ್ಲ, ಯಾರೋ ಮಾಡಿದ ನಿಯಮ, ಆ ಯಾರನ್ನೋ ಕೇಳಬಹುದು ಎಂಬುದು ಹುಡುಗನಿಗೆ ಆಗಲೇ ಗೊತ್ತಿತ್ತು.

ಹಗಲು ಕ್ಲಾಸು, ಸಂಜೆ ಪಾಳಿ

ಹಳ್ಳಿಯ ಶಾಲೆ ಸಾಲದೆಂದು ಜೆಸ್ಸಿ ಹ್ಯಾಟಿಸ್‌ಬರ್ಗ್‌ನಲ್ಲಿದ್ದ ಸಂಬಂಧಿಯ ಮನೆಯಲ್ಲಿದ್ದು ಯುರೇಕಾ ಹೈಸ್ಕೂಲಿಗೆ ಹೋದ. ಓಟ, ಬಾಸ್ಕೆಟ್‌ಬಾಲ್, ಫುಟ್‌ಬಾಲ್ ಎಲ್ಲದರಲ್ಲೂ ಮುಂದು. 1944ರಲ್ಲಿ ಶಾಲೆಗೆ ಎರಡನೆಯವನಾಗಿ ಪಾಸಾದ. ಡೇಸಿ ಪರ್ಲ್ ನಿಕ್ಸ್ ಎಂಬ ಹುಡುಗಿಯ ಪರಿಚಯವಾದದ್ದೂ ಆ ದಿನಗಳಲ್ಲೇ.

ಮುಂದೇನು ಎಂಬ ಪ್ರಶ್ನೆ ಬಂತು. ಕಪ್ಪು ವಿದ್ಯಾರ್ಥಿಗಳಿಗೆಂದೇ ಇರುವ ಕಾಲೇಜಿಗೆ ಸೇರು, ಅದೇ ಸುರಕ್ಷಿತ ಎಂದು ಮುಖ್ಯೋಪಾಧ್ಯಾಯರು ಸಲಹೆ ಕೊಟ್ಟರು. ಅಕ್ಕರೆಯ ಮಾತೇ. ಜೆಸ್ಸಿ ಮಾತ್ರ ಆರಿಸಿಕೊಂಡದ್ದು ಉತ್ತರದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯವನ್ನು. ಒಲಿಂಪಿಕ್ಸ್ ಓಟಗಾರ ಜೆಸ್ಸಿ ಓವೆನ್ಸ್ ಓದಿದ್ದು ಅಲ್ಲಿ. ಹೆಸರೂ ಒಂದೇ, ಆದರ್ಶವೂ ಅವರೇ. ಫೀಸಿಗೆ ಹಣ ಹೊಂದಿಸಲು, ಬಿಳಿಯ ಸೈನಿಕರು ಕುಡಿಯಲು ಬರುವ ಕ್ಲಬ್ಬಿನಲ್ಲಿ ವೇಟರ್ ಆಗಿ ದುಡಿದ. ಅಲ್ಲಿ ಬೈಗುಳ ದಿನನಿತ್ಯದ ಮಾತಾಗಿತ್ತು. ಅದನ್ನು ಕೇಳಿಸಿಕೊಂಡು ಹಣ ಕೂಡಿಟ್ಟ.

ಕೊಲಂಬಸ್ ನಗರಕ್ಕೆ ಹೋದ ಮೇಲೂ ಹಣದ ಚಿಂತೆ ಬಿಡಲಿಲ್ಲ. ಹಗಲು ಎಂಜಿನಿಯರಿಂಗ್ ಕ್ಲಾಸು. ಮಧ್ಯಾಹ್ನ ಮೂರೂವರೆಯಿಂದ ನಡುರಾತ್ರಿವರೆಗೆ ಪೆನ್ಸಿಲ್ವೇನಿಯಾ ರೈಲ್ವೆಯಲ್ಲಿ ಗೂಡ್ಸ್ ಬೋಗಿಗಳಿಗೆ ಮಾಲು ತುಂಬುವ ಕೆಲಸ. ಇದನ್ನು ಓದುವಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮಡಚಿ ಕೂತಿದ್ದೆ. ಪದವಿಯ ಕೊನೆಯ ಎರಡು ವರ್ಷ ನಾನೂ ಒಂದು ಪಾರ್ಸೆಲ್ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ಡಬ್ಬಗಳನ್ನು ಊರಿನ ಪಿನ್ ಕೋಡ್ ನೋಡಿ ಬೇರೆ ಬೇರೆ ರಾಶಿಗೆ ಎಸೆಯುವುದು. ಬೆಳಿಗ್ಗೆ ಒಂಬತ್ತರ ಕ್ಲಾಸಿನಲ್ಲಿ ಬೋರ್ಡಿನ ಅಕ್ಷರಗಳು ಈಜಾಡುವುದು ಹೇಗಿರುತ್ತದೆ ಎಂದು ಗೊತ್ತು. ಹಾಗೆ ದುಡಿದುಕೊಂಡೇ ಜೆಸ್ಸಿ ಒಳ್ಳೆಯ ಅಂಕ ತೆಗೆಯುತ್ತಿದ್ದ ಎಂಬುದನ್ನು ನಂಬಲು ನನಗೆ ಸ್ವಲ್ಪ ಸಮಯ ಬೇಕಾಯಿತು.

ವಿಶ್ವವಿದ್ಯಾಲಯದಲ್ಲಿದ್ದ ವಿಮಾನಯಾನ ಕೋರ್ಸಿಗೆ ಅರ್ಜಿ ಹಾಕಿದ. ಸಿಗಲಿಲ್ಲ. ಮತ್ತೆ ಹಾಕಿದ. ಸಿಗಲಿಲ್ಲ. ಅಂಕದ ಕೊರತೆಯಲ್ಲ, ಅಡ್ಡ ಬಂದದ್ದು ಮೈಬಣ್ಣ. ಆಮೇಲೆ ಒಂದು ದಿನ ಕಾಲೇಜಿನಲ್ಲಿ ನೌಕಾಪಡೆಯ ಪೋಸ್ಟರ್ ಕಣ್ಣಿಗೆ ಬಿತ್ತು. ವಿ-5 ಎಂಬ ಯೋಜನೆಯಡಿ ಪೈಲಟ್ ತರಬೇತಿಗೆ ಅಭ್ಯರ್ಥಿಗಳು ಬೇಕಾಗಿದ್ದರು. ವಿಚಾರಿಸಲು ಹೋದಾಗ ಉತ್ತೇಜನವೇನೂ ಸಿಗಲಿಲ್ಲ. ಅವನು ಬಿಡಲಿಲ್ಲ. ಲಿಖಿತ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ, ಎಲ್ಲದರಲ್ಲೂ ಪಾಸಾದ. 1946ರ ಜುಲೈ 8ರಂದು ನೌಕಾಪಡೆಯ ಮೀಸಲು ದಳಕ್ಕೆ ಸೇರಿದ. ತಿಂಗಳಿಗೆ 50 ಡಾಲರ್ ಭತ್ಯೆ. ಬೋಗಿಗೆ ಮಾಲು ತುಂಬುವ ಕೆಲಸ ನಿಂತಿತು. ಆ ಹೊತ್ತಿಗೆ ಕಾಲೇಜುಗಳಲ್ಲಿದ್ದ ನೌಕಾ ಅಧಿಕಾರಿ ತರಬೇತಿ ದಳದ ಸುಮಾರು 5,600 ವಿದ್ಯಾರ್ಥಿಗಳಲ್ಲಿ ಕಪ್ಪು ಹುಡುಗರು ಕೇವಲ 14.

ಮುಂದಿನ ಸೀಟು, ಹಿಂದಿನ ಸೀಟು

ಈಗ ಮತ್ತೆ ಆ ಹಳದಿ ವಿಮಾನಕ್ಕೆ ಬರೋಣ.

ಕನ್ಸಾಸ್ ರಾಜ್ಯದ ವಿಚಿಟಾ ನಗರದಲ್ಲಿ ಲಾಯ್ಡ್ ಸ್ಟಿಯರ್‌ಮನ್ ಎಂಬುವರು ಕಟ್ಟಿದ ಕಂಪನಿ ಮುಂದೆ ಬೋಯಿಂಗ್ ತೆಕ್ಕೆಗೆ ಹೋಯಿತು. ಅಲ್ಲಿ ತಯಾರಾದ ಈ ಮಾದರಿಯ ವಿಮಾನಗಳ ಸಂಖ್ಯೆ 8,000ಕ್ಕೂ ಹೆಚ್ಚು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಭೂಸೇನೆ ಮತ್ತು ನೌಕಾಪಡೆ ಎರಡೂ ತಮ್ಮ ಪೈಲಟ್‌ಗಳಿಗೆ ಮೊದಲ ಪಾಠ ಹೇಳಿಸಿದ್ದು ಇದರಲ್ಲೇ. ಮುಂದೆ ಅಮೆರಿಕದ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್ ಕೂಡ ನೌಕಾಪಡೆಯ ಕೆಡೆಟ್ ಆಗಿ ಹಾರಲು ಕಲಿತದ್ದು ಇದೇ ಎನ್‌2ಎಸ್‌ನಲ್ಲಿ.

ಆ ಹೊತ್ತಿಗೆ ಯುದ್ಧ ವಿಮಾನಗಳೆಲ್ಲ ಒಂಟಿ ರೆಕ್ಕೆಯ ಲೋಹದ ವಿಮಾನಗಳಾಗಿದ್ದವು. ಹಾಗಿದ್ದೂ ಕಲಿಯುವವರಿಗೆ ಹಳೆಯ ಕಾಲದ ಜೋಡಿ ರೆಕ್ಕೆ ಯಾಕೆ? ಎರಡು ರೆಕ್ಕೆ ಇದ್ದರೆ ಕಡಿಮೆ ವೇಗದಲ್ಲೂ ವಿಮಾನ ಮೇಲೆ ನಿಲ್ಲುತ್ತದೆ. ಕಂಬ, ತಂತಿಗಳಿಂದ ಬಿಗಿದಿರುವುದರಿಂದ ಗಟ್ಟಿ. ಗಾಳಿಯಲ್ಲಿ ಕಲಿಯುವವನು ಒರಟಾಗಿ ನಡೆಸಿಕೊಂಡರೂ ತಡೆದುಕೊಳ್ಳುತ್ತದೆ. ಎಂಜಿನ್ ಶಕ್ತಿ 220 ಅಶ್ವಶಕ್ತಿ, ಗರಿಷ್ಠ ವೇಗ ಗಂಟೆಗೆ ಸುಮಾರು 200 ಕಿ.ಮೀ. ಇಷ್ಟೇ.

ಆಕಾಶದಲ್ಲಿ ತಾಯಿಯಂತಿದ್ದ ಈ ವಿಮಾನ ನೆಲಕ್ಕೆ ಇಳಿಯುವಾಗ ಅತ್ತೆಯಂತಾಗುತ್ತಿತ್ತು. ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಕಡಿಮೆ. ಮೂರನೇ ಪುಟ್ಟ ಚಕ್ರ ಬಾಲದ ಕೆಳಗೆ. ಹೀಗಾಗಿ ನೆಲದ ಮೇಲಿದ್ದಾಗ ಮೂತಿ ಮೇಲಕ್ಕೆದ್ದು ಎದುರಿನ ದಾರಿಯೇ ಕಾಣುವುದಿಲ್ಲ. ಹಾವಿನಂತೆ ಅತ್ತಿತ್ತ ತಿರುಗಿಸುತ್ತ, ಪಕ್ಕದಿಂದ ಇಣುಕಿ ನೋಡುತ್ತ ಸಾಗಬೇಕು. ಇಳಿಯುವಾಗ ಕಾಲಿನ ಪೆಡಲ್ ಮೇಲೆ ಒಂದು ಕ್ಷಣ ಎಚ್ಚರ ತಪ್ಪಿದರೂ ವಿಮಾನ ಗಿರ್ರನೆ ಸುತ್ತಿ, ಕೆಳಗಿನ ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತಿತ್ತು. ಹಳದಿ ಗಂಡಾಂತರ ಎಂಬ ಅಡ್ಡಹೆಸರನ್ನು ಹುಡುಗರು ಮರೆಯದಿದ್ದುದಕ್ಕೆ ಇದೂ ಒಂದು ಕಾರಣ.

ಕಲಿಯುವವನ ಜಾಗ ಹಿಂದಿನ ಸೀಟು, ಕಲಿಸುವವರದು ಮುಂದಿನ ಸೀಟು. ಎಂಜಿನ್ ಸದ್ದು, ಮುಖಕ್ಕೆ ರಾಚುವ ಗಾಳಿಯಲ್ಲಿ ಮಾತು ಕೇಳುವುದಾದರೂ ಹೇಗೆ? ಅದಕ್ಕೊಂದು ರಬ್ಬರ್ ಕೊಳವೆ. ಮುಂದಿನ ಸೀಟಿನವರು ಅದರ ಬಾಯಿಗೆ ಮಾತಾಡಿದರೆ ಹಿಂದಿನವನ ಟೋಪಿಯ ಕಿವಿಗೆ ಕೇಳುತ್ತದೆ. ಮಾತು ಒಂದೇ ದಿಕ್ಕಿಗೆ. ಹಿಂದಿನವನು ಉತ್ತರ ಕೊಡುವಂತಿಲ್ಲ. ತಲೆ ಅಲ್ಲಾಡಿಸಬಹುದು. ಮೇಲಿನ ರೆಕ್ಕೆಗೆ ಸಿಕ್ಕಿಸಿದ ಕನ್ನಡಿಯಲ್ಲಿ ಮುಂದಿನವರಿಗೆ ಅವನ ಮುಖ ಕಾಣುತ್ತದೆ.

ಈ ಕೊಳವೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮುಂದೆ ಕುಳಿತವರು ಮನಸ್ಸು ಮಾಡಿದರೆ ಹಿಂದಿನವನಿಗೆ ಪಾಠವನ್ನೂ ಹೇಳಬಹುದು, ಬೈಗುಳವನ್ನೂ ಸುರಿಯಬಹುದು. ಕೇಳಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಗ್ಲೆನ್‌ವ್ಯೂನಲ್ಲಿ ಹೊಸಬರನ್ನು ಸೋಸುವ ಕೆಲಸ ನಡೆಯುತ್ತಿತ್ತು. ಕೆಲವೇ ಗಂಟೆಗಳ ಹಾರಾಟದೊಳಗೆ ಒಬ್ಬನೇ ಹಾರಿ ಇಳಿಸುವ ಮಟ್ಟಕ್ಕೆ ಬರದವನು ಮನೆಗೆ. ಈತನಿಗೆ ಕೈ ಸ್ಥಿರವಿಲ್ಲ ಎಂದು ಮುಂದಿನ ಸೀಟಿನವರು ಒಂದು ಸಾಲು ಬರೆದಿದ್ದರೆ ಜೆಸ್ಸಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಬಣ್ಣದ ಕಾರಣಕ್ಕೆ ಬರೆದರು ಎಂದು ಯಾರೂ ಸಾಬೀತು ಮಾಡಲು ಆಗುತ್ತಿರಲಿಲ್ಲ.

ಅವನ ಅದೃಷ್ಟಕ್ಕೆ ಅಲ್ಲಿ ಅವನಿಗೆ ಸಿಕ್ಕ ತರಬೇತುದಾರ ರೋಲಂಡ್ ಕ್ರಿಸ್ಟೆನ್ಸನ್ ಎಂಬ ಬಿಳಿಯ ಅಧಿಕಾರಿ. ಅವರು ಪಾಠ ಹೇಳಿಕೊಟ್ಟರು. ಅಷ್ಟೇ. ಬೇರೆ ಹುಡುಗರಿಗೆ ಹೇಳಿಕೊಟ್ಟ ಹಾಗೆಯೇ ಇವನಿಗೂ ಹೇಳಿಕೊಟ್ಟರು. ಆ ಕಾಲಕ್ಕೆ ಅದು ಅಷ್ಟಿಷ್ಟಲ್ಲ.

ಕೊನೆಗೆ ಬರುವುದು ಸೋಲೋ. ತರಬೇತುದಾರರು ಮುಂದಿನ ಸೀಟಿನಿಂದ ಇಳಿದುಬಿಡುತ್ತಾರೆ. ಎದುರಿಗೆ ಖಾಲಿ ಸೀಟು. ಕೊಳವೆಯಲ್ಲಿ ಧ್ವನಿಯಿಲ್ಲ. ಒಬ್ಬರ ಭಾರ ಕಡಿಮೆಯಾಗಿ ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ. ಎಷ್ಟೋ ಅರ್ಜಿ, ಎಷ್ಟೋ ಕಚೇರಿ, ಎಷ್ಟೋ ಜನ ಅವನ ಮುಖ ನೋಡಿಯೇ ತೀರ್ಮಾನ ಹೇಳಿದ್ದರು. ಈ ವಿಮಾನ ಅದ್ಯಾವುದನ್ನೂ ಕೇಳಲಿಲ್ಲ. ಪೆಡಲ್ ಒತ್ತಿದಷ್ಟು ತಿರುಗಿತು, ಸ್ಟಿಕ್ ಎಳೆದಷ್ಟು ಏರಿತು. ಜೆಸ್ಸಿ ಹಾರಿ, ಇಳಿಸಿ, ಪಾಸಾದ.

ರೆಕ್ಕೆಯ ಬ್ಯಾಡ್ಜ್

ಗ್ಲೆನ್‌ವ್ಯೂ ಆದಮೇಲೆ ಅಯೋವಾ ರಾಜ್ಯದ ಒಟಮ್ವಾದಲ್ಲಿ ತರಗತಿ ಪಾಠ, ದೈಹಿಕ ಕಸರತ್ತು. ನಂತರ ಫ್ಲಾರಿಡಾದ ಪೆನ್ಸಕೋಲಾ. ಮತ್ತೆ ದಕ್ಷಿಣ. ಇಲ್ಲಿ ಗಾಳಿ ಬದಲಾಗಿತ್ತು. ಅವಮಾನದ ಮಾತುಗಳು ಮತ್ತೆ ಕಿವಿಗೆ ಬಿದ್ದವು. ಇವನು ಬಿಟ್ಟುಹೋಗಲಿ ಎಂದು ಕಾಯುತ್ತಿದ್ದವರೂ ಇದ್ದರು.

ಇದರ ನಡುವೆ 1947ರ ಅಕ್ಟೋಬರ್‌ನಲ್ಲಿ ಜೆಸ್ಸಿ ಡೇಸಿಯನ್ನು ಗುಟ್ಟಾಗಿ ಮದುವೆಯಾದ. ತರಬೇತಿ ಮುಗಿಯುವವರೆಗೆ ಕೆಡೆಟ್‌ಗಳು ಮದುವೆ ಆಗುವಂತಿರಲಿಲ್ಲ. ಗೊತ್ತಾದರೆ ಹೊರಗೆ. ಡೇಸಿ ಪೆನ್ಸಕೋಲಾದಲ್ಲೇ ಬಾಡಿಗೆ ಕೋಣೆ ಹಿಡಿದಳು. ವಾರದ ಕೊನೆಯಲ್ಲಿ ಭೇಟಿ. ಇಷ್ಟು ಎಚ್ಚರದ ಹುಡುಗ ಇಂಥ ಅಪಾಯಕ್ಕೆ ಯಾಕೆ ಕೈಹಾಕಿದ ಎಂದು ಕೇಳಬಹುದು. ಸುತ್ತ ಯಾರೂ ತನ್ನವರಿಲ್ಲದ ಜಾಗದಲ್ಲಿ, ಸಂಜೆ ಹೋಗಿ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರು ಬೇಕು ಎನ್ನುವುದು ನನಗಂತೂ ಅರ್ಥವಾಗುತ್ತದೆ.

1948ರ ಜುಲೈ 26ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಸಶಸ್ತ್ರ ಪಡೆಗಳಲ್ಲಿ ಬಣ್ಣದ ಭೇದ ಇರಬಾರದೆಂದು ಆದೇಶ ಹೊರಡಿಸಿದರು. ಅದಾಗಿ ಮೂರು ತಿಂಗಳೊಳಗೆ, ಅಕ್ಟೋಬರ್ 21ರಂದು, ಜೆಸ್ಸಿಯ ಎದೆಯ ಮೇಲೆ ನೌಕಾ ಪೈಲಟ್‌ನ ಚಿನ್ನದ ಬಣ್ಣದ ರೆಕ್ಕೆಯ ಬ್ಯಾಡ್ಜ್ ಬಂತು. ಪತ್ರಿಕೆಗಳು ಸುದ್ದಿ ಮಾಡಿದವು. ಡಿಸೆಂಬರ್‌ನಲ್ಲಿ ಮಗಳು ಪಮೇಲಾ ಹುಟ್ಟಿದಳು. 1949ರ ಏಪ್ರಿಲ್‌ನಲ್ಲಿ ಅವನು ಎನ್‌ಸೈನ್ ದರ್ಜೆಯ ಅಧಿಕಾರಿಯಾದ. ಇನ್ನು ಮದುವೆಯನ್ನು ಮುಚ್ಚಿಡಬೇಕಿರಲಿಲ್ಲ.

220 ಅಶ್ವಶಕ್ತಿಯ ಬಟ್ಟೆ ರೆಕ್ಕೆಯಿಂದ ಶುರುಮಾಡಿದವನು ಈಗ 2,000ಕ್ಕೂ ಹೆಚ್ಚು ಅಶ್ವಶಕ್ತಿಯ ಕೋರ್ಸೇರ್ ಯುದ್ಧ ವಿಮಾನವನ್ನು ಹಡಗಿನ ಮೇಲೆ ಇಳಿಸುತ್ತಿದ್ದ. ಅವನ ದಳದ ಹೆಸರು ವಿಎಫ್-32. ಹಡಗು ಯುಎಸ್‌ಎಸ್ ಲೇಟಿ.

ಅದೇ ದಳಕ್ಕೆ ಟಾಮ್ ಹಡ್ನರ್ ಬಂದ. ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ಊರಿನವನು, ನೌಕಾ ಅಕಾಡೆಮಿಯಲ್ಲಿ ಓದಿದ ಬಿಳಿಯ. ಜೆಸ್ಸಿಯ ಅಪ್ಪ ಕಿರಾಣಿ ಗೋದಾಮಿನಲ್ಲಿ ದುಡಿದವರಾದರೆ, ಹಡ್ನರ್ ಮನೆಯವರು ಕಿರಾಣಿ ಅಂಗಡಿಗಳ ಮಾಲೀಕರು. ಇಬ್ಬರೂ ಮೊದಲು ಎದುರಾದದ್ದು ಬಟ್ಟೆ ಬದಲಿಸುವ ಕೋಣೆಯಲ್ಲಿ. ಜೆಸ್ಸಿ ತಾನಾಗಿ ಕೈ ಚಾಚಲಿಲ್ಲ. ಎದುರಿನವರು ಕೈ ಕುಲುಕದಿದ್ದರೆ ಇಬ್ಬರಿಗೂ ಮುಜುಗರ ಎಂಬುದು ಅವನಿಗೆ ರೂಢಿಯಾಗಿತ್ತು. ಹಡ್ನರ್ ತಾನೇ ಹತ್ತಿರ ಹೋಗಿ ಕೈ ಕುಲುಕಿದ. ದರ್ಜೆಯಲ್ಲಿ ಹಡ್ನರ್ ದೊಡ್ಡವನು, ಹಾರಾಟದ ಅನುಭವದಲ್ಲಿ ಜೆಸ್ಸಿ ಮುಂದು. ಹಾಗಾಗಿ ಆಕಾಶದಲ್ಲಿ ಜೆಸ್ಸಿ ಮುಂದೆ, ಅವನ ಬೆನ್ನು ಕಾಯುತ್ತ ಹಡ್ನರ್ ಹಿಂದೆ. ಹತ್ತು ವರ್ಷ ಹಿಂದೆ ಆ ದೇಶದಲ್ಲಿ ಇದನ್ನು ಊಹಿಸುವುದೂ ಕಷ್ಟವಿತ್ತು.

ಹಿಮದ ಮೇಲೆ ಒಂದು ಸಂಜೆ

1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಅಕ್ಟೋಬರ್‌ನಲ್ಲಿ ಲೇಟಿ ಹಡಗು ಅಲ್ಲಿಗೆ ತಲುಪಿತು. ನವೆಂಬರ್ ಕೊನೆಯಲ್ಲಿ ಚೋಸಿನ್ ಜಲಾಶಯದ ಸುತ್ತ ಅಮೆರಿಕದ ಮೆರೀನ್ ಸೈನಿಕರನ್ನು ಚೀನಾದ ಭಾರಿ ಸೇನೆ ಸುತ್ತುವರಿಯಿತು. ಕೊರೆಯುವ ಚಳಿ. ಕೆಳಗೆ ಸಿಕ್ಕಿಕೊಂಡವರಿಗೆ ಮೇಲಿನಿಂದ ನೆರವಾಗುವುದು ಜೆಸ್ಸಿಯಂಥವರ ಕೆಲಸ. ಡಿಸೆಂಬರ್ 3ರ ರಾತ್ರಿ ಅವನು ಡೇಸಿಗೆ ಕಾಗದ ಬರೆದ.

ಮರುದಿನ ಡಿಸೆಂಬರ್ 4. ಆರು ಕೋರ್ಸೇರ್‌ಗಳು ಹೊರಟವು. ಬೆಟ್ಟಗಳ ಮೇಲೆ ಕೆಳಮಟ್ಟದಲ್ಲಿ ಹಾರುತ್ತಿದ್ದಾಗ ನೆಲದಿಂದ ಬಂದ ಗುಂಡು ಜೆಸ್ಸಿಯ ವಿಮಾನಕ್ಕೆ ತಗುಲಿತು. ಎಂಜಿನ್ ಕೈಕೊಟ್ಟಿತು. ಸಮುದ್ರದವರೆಗೆ ಹೋಗುವಂತಿಲ್ಲ, ಪ್ಯಾರಾಚೂಟ್‌ನಿಂದ ಹಾರಲು ಎತ್ತರವಿಲ್ಲ. ಬೆಟ್ಟದ ಇಳಿಜಾರಿನ ಹಿಮದ ಮೇಲೆ ಚಕ್ರ ಬಿಚ್ಚದೆಯೇ ವಿಮಾನವನ್ನು ಉಜ್ಜಿ ಇಳಿಸಿದ. ವಿಮಾನದ ಮೈ ಮುರಿದು ಮಡಚಿಕೊಂಡಿತು. ಮೇಲಿನಿಂದ ನೋಡುತ್ತಿದ್ದವರು ಸತ್ತೇ ಹೋದ ಎಂದುಕೊಂಡರು. ಅಷ್ಟರಲ್ಲಿ ಅವನು ಕೈ ಬೀಸಿದ. ಆದರೆ ಹೊರಬರಲಿಲ್ಲ. ಕಾಲು ಒಳಗೆ ಸಿಕ್ಕಿಕೊಂಡಿತ್ತು. ಎಂಜಿನ್ ಕಡೆಯಿಂದ ಹೊಗೆ ಏಳುತ್ತಿತ್ತು.

ಆಗ ಹಡ್ನರ್ ಯಾರನ್ನೂ ಕೇಳದೆ ತನ್ನ ಸುಸ್ಥಿತಿಯ ವಿಮಾನವನ್ನು ಅದೇ ಬೆಟ್ಟದ ಮೇಲೆ ಬೇಕೆಂದೇ ನೆಲಕ್ಕೆ ಅಪ್ಪಳಿಸಿ ಇಳಿಸಿದ. ಸುತ್ತ ಶತ್ರು ಪ್ರದೇಶ. ಓಡಿಬಂದು ಜೆಸ್ಸಿಯನ್ನು ಎಳೆಯಲು ನೋಡಿದ. ಆಗಲಿಲ್ಲ. ಎರಡೂ ಕೈಯಲ್ಲಿ ಹಿಮ ತುಂಬಿಕೊಂಡು ಹೊಗೆಯಾಡುವ ಎಂಜಿನ್‌ಗೆ ಹಾಕಿದ. ತನ್ನ ಉಣ್ಣೆ ಟೋಪಿಯನ್ನು ಜೆಸ್ಸಿಯ ತಲೆಗೆ ಹಾಕಿದ, ಮರಗಟ್ಟಿದ ಕೈಗಳಿಗೆ ಸ್ಕಾರ್ಫ್ ಸುತ್ತಿದ. ಚಾರ್ಲ್ಸ್ ವಾರ್ಡ್ ಎಂಬ ಪೈಲಟ್ ಹೆಲಿಕಾಪ್ಟರ್‌ನಲ್ಲಿ ಕೊಡಲಿ ಹಿಡಿದುಕೊಂಡು ಬಂದ. ಇಬ್ಬರೂ ಕಡಿದರು. ಲೋಹ ಜಗ್ಗಲಿಲ್ಲ. ಜೆಸ್ಸಿ ಎಚ್ಚರ ತಪ್ಪುತ್ತ, ಎಚ್ಚರಗೊಳ್ಳುತ್ತ ಇದ್ದ. ಗೊಣಗಲಿಲ್ಲ. ತಾನು ಬದುಕದಿದ್ದರೆ ಡೇಸಿಗೆ ತನ್ನ ಪ್ರೀತಿ ತಿಳಿಸುವಂತೆ ಹಡ್ನರ್‌ಗೆ ಹೇಳಿದ. ಕತ್ತಲಾಗುತ್ತಿತ್ತು. ಆ ಹೆಲಿಕಾಪ್ಟರ್ ಕತ್ತಲಲ್ಲಿ ಆ ಬೆಟ್ಟಗಳ ನಡುವೆ ಹಾರುವಂಥದ್ದಲ್ಲ. ಅವರು ಬಿಟ್ಟು ಬರಲೇಬೇಕಾಯಿತು. ಜೆಸ್ಸಿ ಆ ಬೆಟ್ಟದ ಮೇಲೆಯೇ ಕೊನೆಯುಸಿರೆಳೆದ.

ದೇಹ ತರಲು ಸಾಧ್ಯವಾಗಲಿಲ್ಲ. ಶತ್ರುಗಳ ಕೈಗೆ ಸಿಗಬಾರದೆಂದು ಅವನ ಗೆಳೆಯರೇ ಎರಡು ದಿನಗಳ ನಂತರ ಪ್ರಾರ್ಥನೆ ಹೇಳುತ್ತ ಆ ವಿಮಾನವನ್ನು ಮೇಲಿನಿಂದ ಸುಟ್ಟರು. ಹಡಗಿನಲ್ಲಿ ಬೆರಳೆಣಿಕೆಯ ವರ್ಷಗಳ ಹಿಂದೆ ಅವನಂಥವರಿಗೆ ಪೈಲಟ್‌ಗಳ ಜೊತೆ ಜಾಗವೇ ಇರಲಿಲ್ಲ. ಈಗ ಅದೇ ಪೈಲಟ್‌ಗಳು ಅವನಿಗೆ ಅಂತ್ಯಸಂಸ್ಕಾರ ಮಾಡಿದರು.

ಉಳಿದದ್ದು

1951ರ ಏಪ್ರಿಲ್ 13ರಂದು ಅಧ್ಯಕ್ಷ ಟ್ರೂಮನ್ ಅವರು ಹಡ್ನರ್‌ಗೆ ದೇಶದ ಅತ್ಯುನ್ನತ ಶೌರ್ಯ ಪದಕ ಕೊಟ್ಟರು. ಡೇಸಿ ಅಲ್ಲೇ ನಿಂತು ನೋಡಿದಳು. ಜೆಸ್ಸಿಗೆ ಮರಣೋತ್ತರವಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಬಂತು. ಡೇಸಿ ಮತ್ತೆ ಓದಿ ಶಿಕ್ಷಕಿಯಾದಳು. ಅವಳ ಮತ್ತು ಹಡ್ನರ್ ನಡುವಿನ ಸ್ನೇಹ ಜೀವನಪೂರ್ತಿ ಉಳಿಯಿತು. 1973ರಲ್ಲಿ ನೌಕಾಪಡೆ ಯುಎಸ್‌ಎಸ್ ಜೆಸ್ಸಿ ಎಲ್. ಬ್ರೌನ್ ಎಂಬ ಹಡಗನ್ನು ಸೇವೆಗೆ ಸೇರಿಸಿತು. 2013ರಲ್ಲಿ, ಸುಮಾರು 90ರ ವಯಸ್ಸಿನ ಹಡ್ನರ್ ಉತ್ತರ ಕೊರಿಯಾಕ್ಕೆ ಹೋಗಿ ಗೆಳೆಯನ ಅವಶೇಷ ತರಲು ಪ್ರಯತ್ನಿಸಿದರು. ಮಳೆಯಿಂದ ದಾರಿಗಳು ಕೊಚ್ಚಿಹೋಗಿದ್ದವು, ಬೆಟ್ಟ ತಲುಪಲಾಗಲಿಲ್ಲ. ಅವರು 2017ರಲ್ಲಿ ತೀರಿಕೊಂಡರು. 2022ರಲ್ಲಿ ಇವರಿಬ್ಬರ ಸ್ನೇಹದ ಮೇಲೆ ಡಿವೋಷನ್ ಎಂಬ ಸಿನಿಮಾ ಬಂತು.

ಆ ಹಳದಿ ವಿಮಾನಗಳ ಕಥೆ ಏನಾಯಿತು? ಯುದ್ಧ ಮುಗಿದ ಮೇಲೆ ಸಾವಿರಾರು ಸ್ಟಿಯರ್‌ಮನ್‌ಗಳನ್ನು ಅಗ್ಗಕ್ಕೆ ಮಾರಲಾಯಿತು. ರೈತರು ಹೊಲಗಳಿಗೆ ಔಷಧ ಸಿಂಪಡಿಸಲು ಬಳಸಿಕೊಂಡರು. ದಕ್ಷಿಣದ ಹತ್ತಿ ಹೊಲಗಳ ಮೇಲೂ ಅವು ಹಾರಿದವು. ತಲೆಯೆತ್ತಿ ನೋಡಿದ ಮಕ್ಕಳಲ್ಲಿ ಎಷ್ಟು ಜನ ಜೆಸ್ಸಿಯರಿದ್ದರೋ.

ಈ ಬದುಕನ್ನು ಓದಿದ ಮೇಲೆ, ಪ್ರತಿಭೆಯೊಂದಿದ್ದರೆ ಸಾಕು ಎಂಬ ಮಾತನ್ನು ನಾನು ನಂಬುವುದು ಬಿಟ್ಟಿದ್ದೇನೆ. ಜೆಸ್ಸಿಯ ಪ್ರತಿಭೆ ಅವನ 11ನೇ ವಯಸ್ಸಿನಲ್ಲೂ ಇತ್ತು, ಕಾಲೇಜಿನ ಕೋರ್ಸು ಅವನನ್ನು ಬೇಡ ಎಂದಾಗಲೂ ಇತ್ತು. ಬಾಗಿಲು ತೆರೆದದ್ದು ಕಾನೂನು ಬದಲಾಗತೊಡಗಿದಾಗ, ಅದಕ್ಕಾಗಿ ಎಷ್ಟೋ ಜನ ಹೋರಾಡಿದಾಗ, ಮುಂದಿನ ಸೀಟಿನಲ್ಲಿ ಒಬ್ಬ ನ್ಯಾಯವಂತ ಕುಳಿತಿದ್ದಾಗ. ಹಾಗೆಂದು ಸಿದ್ಧತೆ ವ್ಯರ್ಥ ಎಂದಲ್ಲ. ಬಾಗಿಲು ತೆರೆದ ಆ ಕ್ಷಣಕ್ಕೆ ಅವನು ಸಿದ್ಧನಾಗಿದ್ದ. ಬೋಗಿಗೆ ಮಾಲು ತುಂಬಿದ ರಾತ್ರಿಗಳಲ್ಲೂ ಓದಿದ್ದ. ಸಿದ್ಧತೆ ನಮ್ಮ ಕೈಯಲ್ಲಿದೆ, ಬಾಗಿಲು ಎಷ್ಟೋ ಸಲ ಇನ್ನೊಬ್ಬರ ಕೈಯಲ್ಲಿರುತ್ತದೆ. ಎರಡನ್ನೂ ತಿಳಿದುಕೊಂಡರೆ, ಫಲಿತಾಂಶದ ಪಟ್ಟಿಯಲ್ಲಿ ಹೆಸರು ಇಲ್ಲದ ದಿನ ನಮ್ಮನ್ನು ನಾವೇ ಪೂರ್ತಿ ಹಳಿದುಕೊಳ್ಳುವುದು ತಪ್ಪುತ್ತದೆ. ಹಾಗೆಯೇ ಪುಸ್ತಕ ಮುಚ್ಚಿಡುವುದೂ ತಪ್ಪುತ್ತದೆ.

ಇನ್ನೊಂದು ಮಾತು. ಇವತ್ತು ನಾವೆಲ್ಲ ಹಿಂದಿನ ಸೀಟಿನಲ್ಲಿದ್ದೇವೆ. ಕೊಳವೆಯಲ್ಲಿ ಬಂದದ್ದನ್ನು ಕೇಳಿಸಿಕೊಳ್ಳುತ್ತಿದ್ದೇವೆ. ನಾಳೆ ನಮ್ಮಲ್ಲಿ ಯಾರೋ ಶಿಕ್ಷಕರಾಗುತ್ತಾರೆ, ಯಾರೋ ತಹಶೀಲ್ದಾರ್, ಯಾರೋ ಕಂಪನಿಯಲ್ಲಿ ಸಂದರ್ಶನ ಮಾಡುವವರು. ಆಗ ಹಿಂದೆ ಕುಳಿತ ಹುಡುಗ ಯಾವ ಊರಿನವನು, ಯಾವ ಕೇರಿಯವನು, ಇಂಗ್ಲಿಷ್ ಹೇಗೆ ಮಾತಾಡುತ್ತಾನೆ ಎಂದು ನೋಡುವ ಮೊದಲು, ಅವನ ಕೈ ಎಷ್ಟು ಸ್ಥಿರವಾಗಿದೆ ಎಂದು ನೋಡೋಣ. ಬಟ್ಟೆ ರೆಕ್ಕೆಯ ಒಂದು ಹಳೆಯ ವಿಮಾನಕ್ಕೆ ಅದು ಸಾಧ್ಯವಾಗಿತ್ತು.